ಅಮ್ಮ ಸೀರಿಯಸ್

ಜನವರಿ 18, ಭಾನುವಾರ

ರಂಜಿತಾಳನ್ನು ಬೆಳಿಗ್ಗೆ ವಿಮಾನ ಹತ್ತಿಸಿ ಬಂದೆ. ಹತ್ತಿಸಿ ಅಂದರೆ ಗೇಟಿನವರೆಗೆ. ಮಂಜು ಎಷ್ಟಿತ್ತೆಂದರೆ, ನಮ್ಮೂರು ವಿಜಯಪುರ ಬಿಟ್ಟು ದೇವನಹಳ್ಳಿ ದಾಟುವವರೆಗೂ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣಲಿಲ್ಲ. "ಇಲ್ಲೇ ಇಷ್ಟು ಚಳಿ, ಅಲ್ಲಿ ಏನ್ ಮಾಡ್ತೀಯೇ?" ಅಂದೆ. "ಇದು ಚಳಿ ಅಲ್ಲ ರೀ, ಮಂಜು" ಅಂದಳು. ಹೈಸ್ಕೂಲಿನ ಪಿ.ಟಿ. ಟೀಚರ್ ಅಲ್ಲವೇ, ಎದುರಿಗಿರುವವರನ್ನು ತಿದ್ದದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ.

ಇನ್ನು ಹದಿನೈದು ದಿನ ಮನೆಯಲ್ಲಿ ನಾನೊಬ್ಬನೇ. ಬಾಯಿಗೆ ಕೆಲಸವಿಲ್ಲದ್ದರಿಂದ ಕೈಗೆ ಕೊಡೋಣ ಅಂತ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಹೆಂಡತಿ, ನಲವತ್ತಕ್ಕೆ ಎರಡು ಕಡಿಮೆ ಇರುವ ಹೆಂಗಸು, ಹಿಮಾಚಲದ ಆ ತುದಿಯಲ್ಲಿ ಹಿಮದ ಮೇಲೆ ಇನ್ನೂರು ಕಿಲೋಮೀಟರ್ ಹೋಗುವ ಪಂದ್ಯಕ್ಕೆ ಹೊರಟಿದ್ದಾಳೆ. ಒಬ್ಬೊಬ್ಬರೇ ನಡೆಯಬೇಕು. ಟೆಂಟು, ಒಲೆ, ಊಟ ಎಲ್ಲವನ್ನೂ ಒಂದು ಜಾರುಬಂಡಿಗೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡು ಎಳೆಯಬೇಕು. ಅದಕ್ಕಾಗಿ ಒಂದು ವರ್ಷ ಹಳೆಯ ಟೈರೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ಅವಳ ತವರು ಕುಂದಾಣದ ರಸ್ತೆಯಲ್ಲಿ ಎಳೆದಾಡಿದಳು. "ಏನ್ ಗುರು, ಮನೆಯವರು ಉಳುಮೆ ಶುರು ಮಾಡಿದ್ರಾ?" ಅಂತ ಟೀ ಅಂಗಡಿಯಲ್ಲಿ ಕೇಳಿದವರಿಗೆ ಲೆಕ್ಕವಿಲ್ಲ. ನಮಗೆ ಮಕ್ಕಳಿಲ್ಲ. ನಾವು ಏನೇ ಮಾಡಿದರೂ ಊರಿನವರು ಅದನ್ನೇ ಕಾರಣ ಮಾಡುತ್ತಾರೆ. ಇದಕ್ಕೂ ಮಾಡಿದರು.

ಆದರೂ ಕಳಿಸಿಕೊಟ್ಟೆ. ನನ್ನ ಜಾಗದಲ್ಲಿ ಬೇರೆ ಗಂಡಸರಿದ್ದರೆ ಕಳಿಸುತ್ತಿದ್ದರೇ? "ಎಂಥ ಗಂಡ ಸಿಕ್ಕಿದಾರೆ ನಿಂಗೆ" ಅಂತ ಅವಳ ಸ್ಕೂಲಿನ ಟೀಚರುಗಳು ಅಂದರಂತೆ. ಅದನ್ನು ಅವಳು ಹೇಳಿದಾಗ ನಾನು ಪೇಪರ್ ಓದುವವನ ಹಾಗೆ ಮುಖ ಇಟ್ಟುಕೊಂಡಿದ್ದೆ.

ಯಾಕೆ ಹೋಗಬೇಕು ಅಂತ ಕೇಳಿದರೆ ಒಂದೇ ಉತ್ತರ. "ಒಂದ್ಸಲ ಕೊನೆವರೆಗೂ ಹೋಗ್ಬೇಕು ರೀ." ಯಾವುದರ ಕೊನೆ ಅಂತ ನಾನು ಕೇಳಲಿಲ್ಲ.

ಪಂದ್ಯದಲ್ಲಿ ಇರುವವರ ಹತ್ತಿರ ಫೋನ್ ಇರುವುದಿಲ್ಲ. ಮನೆಯಲ್ಲಿ ಏನಾದರೂ ಆಗಬಾರದ್ದು ಆದರೆ, ಮೊದಲೇ ಹೆಸರು ಕೊಟ್ಟ ಒಬ್ಬರು ಮಾತ್ರ ಪಂದ್ಯದ ಆಫೀಸಿಗೆ ತಿಳಿಸಬಹುದು. ಅದನ್ನು ಮುಂದಿನ ಚೆಕ್‌ಪೋಸ್ಟಿನಲ್ಲಿ ಅವರಿಗೆ ಹೇಳುತ್ತಾರೆ. ಅವಳು ಕೊಟ್ಟಿರುವುದು ನನ್ನ ಹೆಸರು. "ಅಲ್ಲಿ ನಂಗೆ ತಲುಪೋದು ನಿಮ್ಮೊಬ್ಬರ ಮಾತೇ" ಅಂದಳು.

ಇದನ್ನು ಯಾರು ಓದುತ್ತಾರೆ, ನಿಜ ಬರೆಯುತ್ತೇನೆ. ಎರಡನೇ ದಿನಕ್ಕೇ ಬಿಟ್ಟು ಬರುತ್ತಾಳೆ ಅಂತ ನನ್ನ ಅಂದಾಜು. ಬಂದುಬಿಡಲಿ ಅಂತ ಆಸೆಯೂ ಇದೆ.

ಜನವರಿ 22, ಗುರುವಾರ

ಇವತ್ತು ಶುರುವಾಯಿತು. ಇಪ್ಪತ್ತಮೂರು ಜನ. ಒಬ್ಬೊಬ್ಬರ ಬಂಡಿಗೂ ಒಂದು ಪುಟ್ಟ ಡಬ್ಬಿ ಕಟ್ಟಿದ್ದಾರೆ. ಅದು ಅವರು ಎಲ್ಲಿದ್ದಾರೆ ಅಂತ ಆಕಾಶಕ್ಕೆ ಹೇಳುತ್ತದೆ, ಆಕಾಶ ನನ್ನ ಫೋನಿಗೆ ಹೇಳುತ್ತದೆ. ಬಿಳಿ ನಕ್ಷೆಯ ಮೇಲೆ ಬಣ್ಣಬಣ್ಣದ ಚುಕ್ಕೆಗಳು. ನಮ್ಮದು ಕಿತ್ತಳೆ.

ನಾನು ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕೆಲಸದ ಹೊತ್ತಿನಲ್ಲಿ ಫೋನ್ ನೋಡಬಾರದು ಅಂತ ಬೋರ್ಡ್ ಹಾಕಿಸಿದವನೇ ನಾನು. ಇವತ್ತು ಆ ಬೋರ್ಡಿನ ಕೆಳಗೇ ನಿಂತು ನೋಡಿದೆ. ಮಿಷನ್ನಿನಲ್ಲಿ ತುಂಡಾದ ಎಳೆಗೆ ಗಂಟು ಹಾಕುವ ಹೆಂಗಸರೆಲ್ಲ ಒಂದೊಂದು ಸಲ ಬಂದು ಇಣುಕಿದರು. ಆಂಜಿನಪ್ಪ ಅಂತೂ ಹೋಗುತ್ತಾ ಬರುತ್ತಾ "ಸಾರ್, ಅಕ್ಕಾವ್ರು ಎಲ್ಲಿಗ್ ಬಂದ್ರು?" ಅನ್ನುತ್ತಿದ್ದ. ಅವನು ಕುಂದಾಣದವನು, ನಮ್ಮ ಅತ್ತೆಯ ಮನೆಯ ಹಿಂದಿನ ಬೀದಿ. ಸಂಜೆಯ ಹೊತ್ತಿಗೆ ಚುಕ್ಕೆ ಮೊದಲ ಚೆಕ್‌ಪೋಸ್ಟ್ ದಾಟಿತ್ತು.

ಜನವರಿ 24, ಶನಿವಾರ

ಎರಡನೇ ದಿನ ಮುಗಿದು ಮೂರನೆಯದೂ ಮುಗಿಯಿತು. ಆರು ಜನ ಬಿಟ್ಟಿದ್ದಾರೆ, ಅದರಲ್ಲಿ ನಾಲ್ಕು ಜನ ಗಂಡಸರು. ಒಬ್ಬ ಮಿಲಿಟರಿಯವನಂತೆ. ಅವಳು ಬಿಟ್ಟಿಲ್ಲ.

ರಾತ್ರಿ ಅಲ್ಲಿ ಸೊನ್ನೆಯ ಕೆಳಗೆ ಇಪ್ಪತ್ತನಾಲ್ಕು. ನಮ್ಮ ಫ್ರಿಜ್ಜಿನ ಐಸ್ ಪೆಟ್ಟಿಗೆಯೊಳಗೆ ಕೈ ಇಟ್ಟುಕೊಂಡು ನೋಡಿದೆ. ಸ್ವಲ್ಪ ಹೊತ್ತಿಗೇ ತೆಗೆದೆ.

ಅತ್ತೆಗೆ ಫೋನ್ ಮಾಡಿದೆ. ಸಪ್ಪಲಮ್ಮ ಅಂದರೆ ಕುಂದಾಣದಲ್ಲಿ ಎಲ್ಲರಿಗೂ ಗೊತ್ತು. ಗಂಡ ಹೋದ ಮೇಲೆ ಒಬ್ಬರೇ ಹಿಪ್ಪುನೇರಳೆ ತೋಟ ನೋಡಿಕೊಂಡು ರೇಷ್ಮೆ ಹುಳು ಸಾಕುತ್ತಾರೆ. ಈ ಸಲದ ಹುಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಹೊರೆಹೊರೆ ಸೊಪ್ಪು ತಿನ್ನುವ ಹಂತದಲ್ಲಿವೆ. ಅವರಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. "ನಡೀತಾವ್ಳಾ?" ಅಂದರು. ನಡೀತಿದಾಳೆ ಅಂದೆ. "ನಡೀಲಿ ಬುಡಿ" ಅಂತ ಇಟ್ಟುಬಿಟ್ಟರು. ತಾಯಿಯ ಕರುಳು ಅನ್ನುತ್ತಾರಲ್ಲ, ಇವರದು ಯಾವುದರಲ್ಲಿ ಮಾಡಿದ್ದೋ.

ಜನವರಿ 25, ಭಾನುವಾರ

ಏನು ಮಾಡಿಬಿಟ್ಟೆ ಅಂತ ಬರೆಯುವುದಕ್ಕೆ ಮೊದಲು ಹೇಗಾಯಿತು ಅಂತ ಬರೆಯುತ್ತೇನೆ.

ಬೆಳಿಗ್ಗೆ ನೋಡಿದಾಗ ಚುಕ್ಕೆ ನಿನ್ನೆ ನಿಂತ ಜಾಗದಲ್ಲೇ ಇತ್ತು. ಎರಡನೇ ಚೆಕ್‌ಪೋಸ್ಟ್ ದಾಟಿದ ಮೇಲೆ ಒಂದು ಬೆಟ್ಟದ ನೆತ್ತಿ. ಟೆಂಟ್ ಹಾಕಿ ಮಲಗಿದ್ದಾಳೆ ಅಂದುಕೊಂಡೆ. ಹಾಲು ತಂದು ಕಾಫಿ ಮಾಡಿ ನೋಡಿದೆ, ಅಲ್ಲೇ. ಸ್ನಾನ ಮಾಡಿ ಬಂದು ನೋಡಿದೆ, ಅಲ್ಲೇ. ಹಿಂದಿದ್ದ ಚುಕ್ಕೆಗಳೆಲ್ಲ ಒಂದೊಂದಾಗಿ ಅವಳ ಹತ್ತಿರ ಬಂದು ದಾಟಿ ಹೋದವು. ಕೊನೆಯದೂ ಹೋಯಿತು. ಯಾರೂ ನಿಲ್ಲಲಿಲ್ಲ. ಇವರೆಲ್ಲ ಮನುಷ್ಯರೇ ಅಂತ ಸಿಟ್ಟು ಬಂತು.

ಭಾನುವಾರವಾದರೂ ಇವತ್ತು ಕಾರ್ಖಾನೆ ಇತ್ತು. ಅಲ್ಲಿಂದಲೇ ಪಂದ್ಯದ ಆಫೀಸಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಎತ್ತಿದವಳು ಹರ್ಷಿತ ಅಂತ ಯಲಹಂಕದ ಹುಡುಗಿ, ಸ್ವಯಂಸೇವಕಿಯಾಗಿ ಹೋಗಿದ್ದಾಳೆ. "ಸರ್, ಅವರು ಅಪಾಯದ ಬಟನ್ ಒತ್ತಿಲ್ಲ. ಒತ್ತದೇ ನಾವು ಹತ್ರ ಹೋದ್ರೆ ಪಂದ್ಯದಿಂದ ಔಟ್ ಆಗ್ತಾರೆ. ಸ್ವಲ್ಪ ಕಾಯೋಣ ಸರ್."

"ಬಟನ್ ಒತ್ತೋಕೆ ಕೈ ಆಡ್ಬೇಕಲ್ಲಮ್ಮ?"

"ಮಧ್ಯಾಹ್ನದವರೆಗೂ ನೋಡಿ ನಾವೇ ಜನ ಕಳಿಸ್ತೀವಿ ಸರ್. ಪ್ಲೀಸ್, ಗಾಬರಿ ಆಗ್ಬೇಡಿ."

ಆಮೇಲೆ ಅವರ ಪುಟದಲ್ಲಿ ಇನ್ನೊಂದು ಸುದ್ದಿ ಬಂತು. ಮೂರನೇ ಚೆಕ್‌ಪೋಸ್ಟ್ ಆದ ಮೇಲೆ ಒಂದು ದೊಡ್ಡ ಘಾಟಿ ಹತ್ತಿ ಇಳಿಯಬೇಕು. ನಾಳೆ ಸಂಜೆಯಿಂದ ಅಲ್ಲಿ ಹಿಮಗಾಳಿ ಬೀಸಲಿದೆ. ಅದನ್ನು ಎರಡು ಸಲ ಓದಿದೆ. ಇವತ್ತು ಬದುಕಿದ್ದರೂ ನಾಳೆ ಘಾಟಿಗೆ ಹೋಗುತ್ತಾಳೆ. ಅವಳನ್ನು ಹೇಗೆ ನಿಲ್ಲಿಸುವುದು? ಬಾ ಅಂದರೆ ಬರುವವಳಲ್ಲ.

ಮತ್ತೆ ಫೋನ್ ಮಾಡಿದೆ. ಮೊದಲೇ ಯೋಚಿಸಿ ಮಾಡಿದ್ದಲ್ಲ. ಆ ಹುಡುಗಿ ಹಲೋ ಅಂದಳು, ನನ್ನ ಬಾಯಿಂದ ಬಂದದ್ದು: "ಅವಳ ಅಮ್ಮ ಸೀರಿಯಸ್. ತಕ್ಷಣ ಹೊರಟು ಬರೋಕೆ ಹೇಳಿ."

ಮಿಷನ್ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಇನ್ನೊಂದು ಸಲ ಕೂಗಿ ಹೇಳಿದೆ.

ನಮ್ಮ ಕಡೆ ಯಾರನ್ನಾದರೂ ಕರೆಸಬೇಕಾದರೆ ಹೇಳುವ ಮಾತೇ ಅದು. ಮಿಲಿಟರಿಯಲ್ಲಿದ್ದ ನಮ್ಮ ಚಿಕ್ಕಪ್ಪನಿಗೆ ರಜೆ ಸಿಗುತ್ತಿದ್ದದ್ದೇ ಅದರಿಂದ. ನಮ್ಮಜ್ಜಿ ವರ್ಷಕ್ಕೆ ಎರಡು ಸಲ ಸೀರಿಯಸ್ ಆಗಿ, ಅವನು ಬಂದ ದಿನ ಎದ್ದು ಕೋಳಿ ಸಾರು ಮಾಡುತ್ತಿದ್ದಳು.

"ಅಯ್ಯೋ ಸರ್" ಅಂದಳು ಹರ್ಷಿತ. ದನಿಯೇ ಬದಲಾಗಿತ್ತು. "ಏನಾಯ್ತು ಸರ್?"

"ಹಾರ್ಟು" ಅಂದೆ.

ಒಂದು ಟೀ ಕುಡಿಯುವಷ್ಟರಲ್ಲಿ ಅವಳೇ ವಾಪಸ್ ಫೋನ್ ಮಾಡಿದಳು. "ಸರ್, ರಂಜಿತಾ ಮೇಡಂ ಹೊರಟಿದ್ದಾರೆ! ಚುಕ್ಕೆ ನೋಡಿ. ಸುಸ್ತಾಗಿ ಮಲಗಿಬಿಟ್ಟಿದ್ರು ಅನ್ಸತ್ತೆ. ನಾಳೆ ಬೆಳಿಗ್ಗೆ ಮೂರನೇ ಚೆಕ್‌ಪೋಸ್ಟ್ ತಲುಪ್ತಾರೆ, ಅಲ್ಲಿ ವಿಷಯ ಹೇಳಿಸ್ತೀವಿ. ಅಲ್ಲಿಗೆ ರಸ್ತೆ ಇಲ್ಲ ಸರ್, ಕೆಳಗಿನ ತನಕ ನಡೆದು ಬರ್ಬೇಕು. ಅಲ್ಲಿ ನಮ್ಮ ಜೀಪ್ ಇರತ್ತೆ. ಜೀಪ್ ಹತ್ತಿದ್ರೆ ಪಂದ್ಯ ಮುಗೀತು. ಆದ್ರೆ ಇಂಥ ಟೈಮಲ್ಲಿ ಅದೆಲ್ಲ ಯಾರ್ ನೋಡ್ತಾರೆ ಸರ್."

ಚುಕ್ಕೆ ನಿಜವಾಗಿಯೂ ನಡೆಯುತ್ತಿತ್ತು. ಆಗಲೇ ಹೇಳಿಬಿಡಬಹುದಾಗಿತ್ತು, ಬೇಡಮ್ಮ, ತಪ್ಪಾಯಿತು ಅಂತ. ಬಾಯಿ ತೆರೆದೆ. ಆದರೆ ಘಾಟಿ ಕಣ್ಣ ಮುಂದೆ ಬಂತು. "ಥ್ಯಾಂಕ್ಸಮ್ಮ" ಅಂತ ಇಟ್ಟುಬಿಟ್ಟೆ.

ಬೈಯಲಿ. ಬದುಕಿದ್ದು ಬೈದರೆ ಸಾಕು.

ಜನವರಿ 26, ಸೋಮವಾರ

ಇವತ್ತು ರಜೆ. ಬೆಳಿಗ್ಗೆ ಚುಕ್ಕೆ ಮೂರನೇ ಚೆಕ್‌ಪೋಸ್ಟಿಗೆ ಬಂತು. ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಘಾಟಿಯ ಕಡೆ ಹೋಗುವ ಗೆರೆ ಬಿಟ್ಟು, ಕೆಳಗೆ ರಸ್ತೆಯ ಕಡೆ ಹೊರಟಿತು. ಬರುತ್ತಿದ್ದಾಳೆ! ಅವರೆಕಾಯಿ ತಂದು ಕಾಳು ನೆನೆಹಾಕಿ, ಹಿತಕಿ, ಸಾರು ಮಾಡಲು ಕೂತೆ.

ಅರ್ಧ ಹಿತಕಿದ್ದೆ, ಬಾಗಿಲಲ್ಲಿ ಅತ್ತೆ. ಕುಂದಾಣದಿಂದ ಬಸ್ಸಿನಲ್ಲಿ ಬಂದಿದ್ದಾರೆ. ಸೆರಗಿನ ಮೇಲೆ ಇನ್ನೂ ಸೊಪ್ಪಿನ ಚೂರು. ಈ ಹಂತದಲ್ಲಿ ಹುಳು ಬಿಟ್ಟು ಬರುವವರೇ ಅಲ್ಲ ಅವರು.

"ಏನಪ್ಪಾ, ನಂಗೆ ಹಾರ್ಟಂತೆ?"

ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿ ಎದ್ದು ನಿಂತೆ.

"ಬೆಳಗ್ಗಿಂದ ಜನ ಬತ್ತಾವ್ರೆ ಮನೆಗೆ. ಒಬ್ರು ಎಳನೀರು, ಒಬ್ರು ಬ್ರೆಡ್ಡು. ಆಂಜಿನಪ್ಪ ಹೇಳ್ದ ಅಂತಾರೆ. ಆ ಚಿಕ್ಕಬೀರಪ್ಪ ಹೂವಿನ ಹಾರಾನೇ ತಂದ್ಬುಟ್ಟವ್ನೆ. ನಾನು ಸೊಪ್ಪು ಹೊತ್ಕೊಂಡು ಎದುರಿಗ್ ಬಂದ್ರೆ ಹಾರಾನ ಬೆನ್ನ ಹಿಂದೆ ಇಟ್ಕೊಂಡು, 'ದೇವಸ್ಥಾನಕ್ಕೆ ಹೊಂಟಿದ್ದೆ ಅಕ್ಕ' ಅಂತಾನೆ!"

ಕಾರ್ಖಾನೆಯಲ್ಲಿ ನಾನು ಫೋನಿಗೆ ಕೂಗಿದ್ದು ಆಂಜಿನಪ್ಪನಿಗೂ ಕೇಳಿಸಿರಬೇಕು. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಅವರನ್ನು ಕೂರಿಸಿ, ನೀರು ಕೊಟ್ಟು, ಎಲ್ಲ ಹೇಳಿದೆ. ಬೆಟ್ಟದ ನೆತ್ತಿ, ಗಾಳಿ, ಘಾಟಿ. ಫೋನ್ ತೋರಿಸಿದೆ. "ನೋಡಿ ಅತ್ತೆ, ಇಳಿದು ಬರ್ತಿದಾಳೆ. ನಿಮ್ಮ ಹೆಸರಿನಿಂದ ಅವಳ ಜೀವ ಉಳೀತು."

ಹೊಗಳಿಕೆ ಕೇಳಿ ಸಮಾಧಾನವಾಗುತ್ತಾರೆ ಅಂದುಕೊಂಡಿದ್ದೆ. ಅವರು ಚುಕ್ಕೆಯನ್ನು ನೋಡುತ್ತಾ ಕೂತರು. ಆಮೇಲೆ ಕೇಳಿದರು.

"ನೀವು ಹೆಣ್ಣು ನೋಡಕ್ ಬಂದ್ರಲ್ಲ, ಅವತ್ತು ಅವಳ ಮೊಖ ಹೆಂಗಿತ್ತು, ಗ್ಯಾನ ಐತಾ?"

ಯಾಕಿಲ್ಲ. ಹದಿನಾರು ವರ್ಷದಿಂದ ನಾನು ಎಲ್ಲರಿಗೂ ಹೇಳಿ ನಗಿಸುವ ಕಥೆ ಅದು. ಕಣ್ಣು ಮೂಗು ಊದಿಸಿಕೊಂಡು, ಕರ್ಚೀಫು ಹಿಡಿದುಕೊಂಡು ಕೇಸರಿಬಾತ್ ಕೊಟ್ಟ ಹುಡುಗಿ. ಶೀತ ಆಗಿದೆ ಅಂದಿದ್ದರು.

"ಶೀತ ಅಲ್ಲ ಕಣಪ್ಪ. ಅವ್ಳು ಆಗ ಸ್ಪೋರ್ಟ್ಸ್ ಹಾಸ್ಟ್ಲಲ್ಲಿದ್ಲು. ಮಂಗ್ಳೂರಲ್ಲಿ ಸ್ಟೇಟ್ ಓಟ. ಮಾರನೇ ದಿನ ಫೈನಲ್ಲು. ನಿಮ್ ಕಡೆಯೋರು ನಾಳೆನೇ ಬತ್ತೀವಿ ಅಂದ್ಬುಟ್ರು, ಒಳ್ಳೆ ಸಂಬಂಧ. ಬಾ ಅಂದ್ರೆ ಬರ್ತಾಳಾ? ನನ್ ತಮ್ಮನ ಕೈಲಿ ಫೋನ್ ಮಾಡಿಸ್ದೆ. ಅಮ್ಮ ಸೀರಿಯಸ್ ಅಂತ. ರಾತ್ರಿಯೆಲ್ಲ ಬಸ್ಸಲ್ಲಿ ಅತ್ಕೊಂಡು ಬಂದವ್ಳೆ. ಬಂದು ನೋಡಿದ್ರೆ ನಾನು ಹೊಸ ಸೀರೆ ಉಟ್ಕೊಂಡು ಗೊಜ್ಜವಲಕ್ಕಿ ಮಾಡ್ತಾ ನಿಂತಿದೀನಿ."

ಅವರೆಕಾಳಿನ ಸಿಪ್ಪೆ ಕೈಗೆ ಅಂಟಿಕೊಂಡಿತ್ತು, ಒರೆಸಿಕೊಳ್ಳುತ್ತಾ ಕೂತೆ.

"ಬೈಲಿಲ್ಲ ಅವ್ಳು. ಒಂದ್ ಮಾತೂ ಆಡ್ಲಿಲ್ಲ. ಆಮೇಲೆ ನಿಜವಾಗ್ಲೂ ನಂಗೆ ಟೈಫಾಯ್ಡ್ ಆಗಿ ಆಸ್ಪತ್ರೆ ಸೇರಿದಾಗ, ನರ್ಸ್ ಕೈಗೆ ಫೋನ್ ಕೊಡಿ ಅಂದ್ಲು. ಡಾಕ್ಟರ್ ಕೈಗೆ ಕೊಡಿ ಅಂದ್ಲು. ಅವ್ರು ಹೇಳಿದ್ಮೇಲೇ ಬಂದಿದ್ದು. ನಾನು ಸೀರಿಯಸ್ ಅಂತ ಈಗ ಯಾರು ಹೇಳಿದ್ರೂ ನಂಬಲ್ಲ ಅವ್ಳು." ಅತ್ತೆ ಚುಕ್ಕೆಯ ಮೇಲೆ ಬೆರಳಿಟ್ಟರು. "ಇಳೀತಾವ್ಳೆ ಅಂದ್ರೆ ನಂಬವ್ಳೆ. ನೀನು ಹೇಳ್ದೆ ಅಂತ ನಂಬವ್ಳೆ. ಈಗ ಇದೂ ಸುಳ್ಳು ಅಂತ ಗೊತ್ತಾದ್ರೆ, ನಾನು ಸಾಯೋವಾಗ ಯಾರ್ ಮಾತು ಕೇಳಿ ಬರ್ತಾಳಪ್ಪ?"

ಹದಿನಾರು ವರ್ಷದಲ್ಲಿ ನನ್ನನ್ನು ನೀನು ಅಂದದ್ದು ಇದೇ ಮೊದಲು.

ಚುಕ್ಕೆ ಇಳಿಯುತ್ತಲೇ ಇತ್ತು. "ಹುಷಾರಾದ್ರು, ಗಾಬರಿ ಇಲ್ಲ ಅಂತ ಹೇಳಿಸಿಬಿಡ್ತೀನಿ ಅತ್ತೆ" ಅಂದೆ. ಅದು ಎಲ್ಲರಿಗೂ ಒಳ್ಳೆಯದು ಅನ್ನಿಸಿತು. ಅವಳು ಬೇಕಾದರೆ ಪಂದ್ಯಕ್ಕೆ ವಾಪಸ್ ಹೋಗಲಿ, ನನ್ನ ಮಾನವೂ ಉಳಿಯಲಿ.

ಹರ್ಷಿತ ಎತ್ತಿದಳು. "ಹೇಳಿ ಸರ್, ಅಮ್ಮ ಹೇಗಿದ್ದಾರೆ?" ಅಂದಳು ಪಾಪ. ಅತ್ತೆ ಎದುರಿಗೇ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು.

"ಅವರಿಗೆ ಏನೂ ಆಗಿಲ್ಲಮ್ಮ. ಆಗಿರಲೂ ಇಲ್ಲ. ನಾನು ಸುಳ್ಳು ಹೇಳಿದೆ."

"ಸರ್, ಅವರು ಇಳಿದು ಬರ್ತಿದ್ದಾರೆ. ಚೆಕ್‌ಪೋಸ್ಟ್ ಬಿಟ್ರೆ ಕೆಳಗೆ ಜೀಪಿನ ಹತ್ರ ಮಾತ್ರ ವೈರ್‌ಲೆಸ್ ಇರೋದು. ಅಲ್ಲಿಗೆ ಬಂದ ಮೇಲೇ ಹೇಳೋಕಾಗೋದು" ಅಂದಳು. ಮತ್ತೆ ತಡೆದು, "ಹೇಳಿದ್ರೆ ಅವರು ವಾಪಸ್ ಮೇಲೆ ಹೋಗ್ತಾರೆ. ಗಾಳಿ ಬರ್ತಿದೆ. ಗೊತ್ತಲ್ಲ ಸರ್?"

"ಗೊತ್ತು."

"ಏನಂತ ಹೇಳ್ಲಿ?"

"ನಿಮ್ಮ ಗಂಡ ನರೇಶ ಸುಳ್ಳು ಹೇಳಿದ್ದ, ಅಮ್ಮ ಚೆನ್ನಾಗಿದ್ದಾರೆ ಅಂತ. ಹಾಗೇ ಹೇಳಿ."

ಅತ್ತೆ ನಾನು ಅರ್ಧ ಬಿಟ್ಟಿದ್ದ ಕಾಳನ್ನು ಎಳೆದುಕೊಂಡು ಹಿತಕತೊಡಗಿದರು. ಮಧ್ಯಾಹ್ನ ದಾಟಿತು. ಚುಕ್ಕೆ ರಸ್ತೆಗೆ ಬಂದು ನಿಂತಿತು. ಒಂದು ಜೀಪು, ಅದರ ಪಕ್ಕ ಅವಳು, ಡ್ರೈವರ್ ಏನೋ ಹೇಳುತ್ತಿದ್ದಾನೆ. ಕಾಣದಿದ್ದರೂ ನನಗೆ ಎಲ್ಲ ಕಂಡಿತು. ಜೀಪು ಹತ್ತಿಬಿಡಲಿ ಅಂತ ಒಂದು ಮನಸ್ಸು. ಹತ್ತಿದರೆ ಈ ಮನೆಯಲ್ಲಿ ನಾನು ತಲೆ ಎತ್ತುವುದು ಹೇಗೆ ಅಂತ ಇನ್ನೊಂದು. ಸಾರು ಕುದಿದು ಇಳಿಸುವವರೆಗೂ ಚುಕ್ಕೆ ಅಲ್ಲಾಡಲಿಲ್ಲ.

ಆಮೇಲೆ ತಿರುಗಿತು. ಬಂದ ಗೆರೆಯ ಮೇಲೇ, ಮೇಲಕ್ಕೆ.

"ಹೋಗ್ತಾವ್ಳೆ" ಅಂದರು ಅತ್ತೆ. ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಊಟ ಯಾರೂ ಮಾಡಲಿಲ್ಲ.

ಜನವರಿ 27, ಮಂಗಳವಾರ

ನಿನ್ನೆ ಪಂದ್ಯದವರು ಇಟ್ಟಿದ್ದ ಗಡುವು ಮುಗಿಯುವ ಹೊತ್ತಿಗೆ ಸರಿಯಾಗಿ ಮತ್ತೆ ಮೂರನೇ ಚೆಕ್‌ಪೋಸ್ಟ್ ಮುಟ್ಟಿದ್ದಾಳೆ. ಗಾಳಿ ನಿಲ್ಲುವವರೆಗೂ ಅಲ್ಲಿರುವವರನ್ನು ಯಾರನ್ನೂ ಬಿಡುವುದಿಲ್ಲವಂತೆ.

ನಾನು ರಜೆ ಹಾಕಿ ಅತ್ತೆಯನ್ನು ಬೈಕಿನಲ್ಲಿ ಕುಂದಾಣಕ್ಕೆ ಕರೆತಂದು ಇಲ್ಲೇ ಉಳಿದಿದ್ದೇನೆ. ನಿನ್ನೆ ಪಕ್ಕದ ಮನೆಯ ಅಮ್ಮಯಮ್ಮ ಸೊಪ್ಪು ಹಾಕಿದ್ದಕ್ಕೆ ಹುಳು ಉಳಿದವು. ಇವತ್ತು ನಾನು ಸೊಪ್ಪು ಕತ್ತರಿಸಿ ಹೊತ್ತೆ. ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಹುಳುಮನೆಯೊಳಗೆ ಹೋಗಬೇಕು. ನಾನು ಮರೆತೆ, ಬೈಸಿಕೊಂಡೆ.

ಜನವರಿ 28, ಬುಧವಾರ

ಬೆಳಿಗ್ಗೆ ಬಿಟ್ಟರು. ಗಾಳಿ ನಿಂತಿಲ್ಲ, ಕಡಿಮೆಯಾಗಿದೆ ಅಷ್ಟೇ. ಹನ್ನೊಂದು ಜನ ಉಳಿದಿದ್ದಾರೆ. ಅವಳು ಎಲ್ಲರಿಗಿಂತ ಹಿಂದೆ, ಆ ಇಳಿದು ಹತ್ತಿದ್ದರ ಸುಸ್ತು ಕಾಲಲ್ಲಿ ಇರುವುದಿಲ್ಲವೇ.

ಮಧ್ಯಾಹ್ನ ಘಾಟಿಯ ಅರ್ಧಕ್ಕೆ ಚುಕ್ಕೆ ಮಾಯವಾಯಿತು.

ನಿಂತದ್ದಲ್ಲ, ಇಲ್ಲವೇ ಇಲ್ಲ. ಬಿಳಿ ನಕ್ಷೆ ಮಾತ್ರ. ಹರ್ಷಿತ, "ಚಳಿಗೆ ಬ್ಯಾಟರಿ ಕೈ ಕೊಟ್ಟಿರುತ್ತೆ ಸರ್, ಇನ್ನೂ ಮೂರು ಜನರದ್ದು ಹೀಗೇ ಆಗಿದೆ" ಅಂದಳು. ನನ್ನ ಜೊತೆ ಅವಳು ಈಗ ಅಳೆದು ಮಾತಾಡುತ್ತಾಳೆ. ತಪ್ಪೇನಿಲ್ಲ.

ಕಳಿಸಿಕೊಟ್ಟೆ ಕಳಿಸಿಕೊಟ್ಟೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಅವಳು ತಾನಾಗಿ ಹೋದವಳು. ನಾನು ಅವಳನ್ನು ಕಳಿಸಿದ್ದು ಮೊನ್ನೆ, ಫೋನಿನಲ್ಲಿ, ಈ ಘಾಟಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಜೀಪಿನಲ್ಲಿ ಕೂತು ಬರುತ್ತಿದ್ದಳು. ಹಾಗಂತ ನಿಜ ಹೇಳಬಾರದಿತ್ತು ಅನ್ನಿಸುತ್ತದೆಯೇ ಅಂತ ನನ್ನನ್ನೇ ಕೇಳಿಕೊಂಡೆ. ಭಯ ಮಾತ್ರ ಆಯಿತು. ಇಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಅತ್ತೆ ಫೋನ್ ಕೇಳುವುದನ್ನು ಬಿಟ್ಟಿದ್ದಾರೆ. "ಸೊಪ್ಪು ತತ್ತಾ" ಅನ್ನುತ್ತಾರೆ. ತರುತ್ತೇನೆ. ಮತ್ತೆ "ಸೊಪ್ಪು ತತ್ತಾ" ಅನ್ನುತ್ತಾರೆ. ಹುಳುಗಳು ತಿಂದು ಮುಗಿಸಿರುವುದಿಲ್ಲ.

ಜನವರಿ 29, ಗುರುವಾರ

ಬಂತು. ಬೆಳಿಗ್ಗೆ, ಘಾಟಿಯ ಆಚೆ ಬದಿಯಲ್ಲಿ. ಕಿತ್ತಳೆ.

ನಾನು ಕೂಗಿದ ಕೂಗಿಗೆ ಅಮ್ಮಯಮ್ಮ ಓಡಿ ಬಂದರು, ಹಾವು ಅಂತ. ಅತ್ತೆ ಹುಳುವಿನ ತಟ್ಟೆಯ ಅಂಚು ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತರು.

ಜನವರಿ 31, ಶನಿವಾರ

ಮುಟ್ಟಿದಳು. ಉಳಿದ ಒಂಬತ್ತು ಜನರಲ್ಲಿ ಒಂಬತ್ತನೆಯವಳು. ಕೊನೆಯ ಗೆರೆಯಲ್ಲಿ ಯಾರೋ ತೆಗೆದ ಫೋಟೋ ಹಾಕಿದ್ದಾರೆ. ರೆಪ್ಪೆಯ ಮೇಲೆಲ್ಲ ಹಿಮ, ಗುರುತೇ ಸಿಗುವುದಿಲ್ಲ. ನಗುತ್ತಿಲ್ಲ.

ಹಣ್ಣಾದ ಹುಳುಗಳನ್ನು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದೆವು. ಆಗ ಅತ್ತೆಯ ಫೋನಿಗೆ ಅವಳ ಕರೆ ಬಂತು. ನಾನು ಎತ್ತಿ ಹಲೋ ಅಂದೆ.

"ಅಮ್ಮನ ಕೈಗೆ ಕೊಡಿ."

ಕೊಟ್ಟೆ. ಅತ್ತೆ "ಹೂಂ" ಅಂದರು. "ಹೂಂ ಕಣವ್ವ, ನಾನೇ. ನಾನೇ ಕಣೇ" ಅಂದರು. ಮತ್ತೆ ಮತ್ತೆ ಅದನ್ನೇ ಅಂದರು, ಬೇರೆ ಮಾತಿಲ್ಲ. ಫೋನ್ ನನ್ನ ಕೈಗೆ ಬರುವ ಹೊತ್ತಿಗೆ ಲೈನ್ ಇರಲಿಲ್ಲ.

ಫೆಬ್ರವರಿ 2, ಸೋಮವಾರ

ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು ತೆಗೆದುಕೊಂಡು ಹೋಗಿದ್ದೆ. ತೆಳ್ಳಗಾಗಿದ್ದಾಳೆ. ಮೂಗಿನ ತುದಿ ಸುಟ್ಟ ಹಾಗೆ ಕಪ್ಪಗಿದೆ. ಎರಡು ಕೈಗಳ ಬೆರಳಿಗೂ ಪಟ್ಟಿ. ಏನೇನೋ ಹೇಳಬೇಕು ಅಂತ ಜೋಡಿಸಿಕೊಂಡಿದ್ದೆ. "ತಪ್ಪಾಯ್ತು ಕಣೇ" ಅಂತ ಮಾತ್ರ ಬಂತು. "ಕುಂದಾಣಕ್ಕೆ ಹೋಗೋಣ" ಅಂದಳು. ದಾರಿಯಲ್ಲಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಇವಳು ಹೋಗಿ ಅವರ ಮುಖವನ್ನು ಆ ಪಟ್ಟಿ ಕಟ್ಟಿದ ಕೈಗಳಿಂದ ಮುಟ್ಟಿದಳು. ಹಣೆ, ಕೆನ್ನೆ, ಕತ್ತು. ಕುರುಡರು ಮುಟ್ಟಿ ನೋಡುವ ಹಾಗೆ. ಆಮೇಲೆ ಜಗಲಿಯ ಮೇಲೆ ಅವರ ತೊಡೆಯಲ್ಲಿ ತಲೆ ಇಟ್ಟು ಮಲಗಿದಳು. ನಾನು ಅಂಗಳದಲ್ಲೇ ನಿಂತೆ. ಒಳಗೆ ಬನ್ನಿ ಅಂತ ಯಾರೂ ಅನ್ನಲಿಲ್ಲ, ನಾನೂ ಹೋಗಲಿಲ್ಲ.

ಸಂಜೆ ಎದ್ದು ಹೊರಗೆ ಬಂದಳು. ಜಗಳಕ್ಕೆ ಸಿದ್ಧನಾಗಿದ್ದೆ. ಅವಳ ದನಿ ಮೆಲ್ಲಗಿತ್ತು.

"ಪಂದ್ಯದ ವಿಷ್ಯಕ್ಕೆ ನಂಗೆ ಕೋಪ ಇಲ್ಲ ರೀ. ಭಯ ಆಗಿ ಹೇಳಿದ್ರಿ, ಆಮೇಲೆ ನಿಜಾನೂ ಹೇಳಿದ್ರಿ. ಅದು ಬಿಡಿ. ಆದ್ರೆ ನಮ್ ಕಡೆ ಬದುಕಿರೋರಿಗೆ ಸೀರಿಯಸ್ ಅಂತ ಯಾರಾದ್ರೂ ಹೇಳ್ತಾರಾ? ಸತ್ತ್ ಮೇಲೆ ತಾನೆ ಹಂಗೆ ಹೇಳಿ ಕರೆಸೋದು."

ಹಾರವನ್ನು ಬೆನ್ನ ಹಿಂದೆ ಇಟ್ಟುಕೊಂಡ ಚಿಕ್ಕಬೀರಪ್ಪ ಆಗ ನನಗೆ ಅರ್ಥವಾದ.

"ಆ ಇಳಿಜಾರಲ್ಲಿ ಅಷ್ಟು ಹೊತ್ತೂ ಅಮ್ಮ ಸತ್ತೋಗಿದ್ಲು. ನಾನು ಬರೋವರ್ಗೂ ಮಣ್ಣು ಮಾಡ್ದೆ ಇಟ್ಕೊಂಡಿರ್ತಾರೋ ಇಲ್ವೋ, ಮೊಖ ನೋಡೋಕೆ ಸಿಗುತ್ತೋ ಇಲ್ವೋ ಅಂದ್ಕೊಂಡು ಓಡಿದೀನಿ. ಆವತ್ತು ಮಂಗ್ಳೂರ್ ಬಸ್ಸಲ್ಲೂ ಹಿಂಗೇ. ಒಬ್ಳೇ ಅಮ್ಮ ನಂಗೆ. ಎರಡ್ ಸಲ ಸಾಯಿಸಿದ್ರಿ ಎಲ್ರೂ ಸೇರಿ. ನಿಜವಾಗ್ಲೂ ಹೋದಾಗ ನಂಗೆ ಅಳು ಬರುತ್ತೋ ಇಲ್ವೋ, ಅದೇ ಗೊತ್ತಿಲ್ಲ ಈಗ."

ಅವಳ ಪಟ್ಟಿ ಕಟ್ಟಿದ ಬೆರಳುಗಳನ್ನು ನೋಡುತ್ತಾ ನಿಂತೆ.

"ನೀವು ಹೊರಡಿ. ನಾನು ಸ್ವಲ್ಪ ದಿನ ಇಲ್ಲೇ ಇರ್ತೀನಿ."

"ಎಷ್ಟು ದಿನ?" ಅಂದೆ.

"ಬರ್ಬೇಕು ಅನ್ಸಿದಾಗ ಬರ್ತೀನಿ. ಫೋನ್ ಮಾಡಿ ಕರೀಬೇಡಿ."

ಫೆಬ್ರವರಿ 4, ಬುಧವಾರ

ಕಾರ್ಖಾನೆ. "ಅಕ್ಕಾವ್ರು ಬಂದ್ರಂತಲ್ಲ ಸಾರ್, ಮನೆಗ್ ಯಾವಾಗ ಕರ್ಕೊಂಡ್ ಬರ್ತೀರಾ?" ಅಂದ ಆಂಜಿನಪ್ಪ. "ಅವಳಿಗೆ ಗೊತ್ತು" ಅಂದೆ. ನಾನು ಸಿಡುಕಿದೆ ಅಂದುಕೊಂಡು ಹೋದ. ಸಿಡುಕಲಿಲ್ಲ.

ಫೆಬ್ರವರಿ 7, ಶನಿವಾರ

ಇವತ್ತೂ ಫೋನ್ ಮಾಡಲಿಲ್ಲ.

ಕುಂದಾಣದಲ್ಲಿ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ್ದಾರೆ, ಅಲ್ಲಿ ಈಗ ಕೆಲಸವೇನೂ ಇಲ್ಲ. ಬರಬಹುದು, ಬರದೆಯೂ ಇರಬಹುದು. ಸಂಜೆ ಬೆರಳು ಎಷ್ಟು ಸಲ ಅವಳ ಹೆಸರಿನ ಮೇಲೆ ಹೋಗಿ ಬಂತೋ. ಕರೆಸುವುದು ಕಷ್ಟವಲ್ಲ. ಒಂದು ಮಾತು ಸಾಕು, ಎದೆ ನೋವು ಅಂದರೆ ಸಾಕು. ಇನ್ನೊಂದು ಸಲ ನಂಬಿ ಓಡಿ ಬರುತ್ತಾಳೆ, ಅಂಥವಳು ಅವಳು. ಸುಳ್ಳೂ ಆಗುವುದಿಲ್ಲ, ಎದೆಯಲ್ಲಿ ನಿಜವಾಗಿಯೂ ಏನೋ ನೋಯುತ್ತಿದೆ.

ಫೋನನ್ನು ಒಳಗಿನ ಕೋಣೆಯಲ್ಲಿಟ್ಟು ಬಂದು, ಒಬ್ಬನಿಗೆ ಆಗುವಷ್ಟು ಅನ್ನಕ್ಕಿಟ್ಟೆ.